ಹೆಲಿಕಾಪ್ಟರ್ ಹತ್ತುವ ಕೆಲಸ ಸಿಕ್ಕಿದೆಯಾ? ಹೊರಡುವ ಮುಂಚೆ ಇದನ್ನು ಓದಿ

ಕಳೆದ ಕಕ್ಕಡ ತಿಂಗಳಲ್ಲಿ (ನಮ್ಮ ಕೊಡಗಿನ ಮಳೆಗಾಲ), ಜಡಿಮಳೆ ಹೊಡೆಯುತ್ತಿದ್ದ ಒಂದು ರಾತ್ರಿ, ಪಕ್ಕದ ತೋಟದ ಹುಡುಗ ಫೋನ್ ಮಾಡಿದ. "ಮಾವ, ಅರುಣಾಚಲದಲ್ಲಿ ಸರ್ವೆ ಕೆಲಸ ಸಿಕ್ಕಿದೆ. ಕ್ಯಾಂಪಿಗೆ ರಸ್ತೆ ಇಲ್ವಂತೆ, ಹೆಲಿಕಾಪ್ಟರ್‌ನಲ್ಲೇ ಕರ್ಕೊಂಡು ಹೋಗ್ತಾರಂತೆ. ನಾನೇನಾದ್ರೂ ತಿಳ್ಕೊಂಡಿರಬೇಕಾ?" ಖುಷಿಯಾಯಿತು, ಕೇಳಿದನಲ್ಲಾ ಅಂತ. ನಾನು ಮೊದಲ ಸಲ ಹತ್ತುವಾಗ ಯಾರನ್ನೂ ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಆಮೇಲೆ 11 ವರ್ಷ ಇದೇ ಥರದ ಕೆಲಸದಲ್ಲಿದ್ದೆ. ಮೊದಲು ಈಶಾನ್ಯದ ಬೆಟ್ಟಗಳಲ್ಲಿ ಸರ್ವೆ, ಆಮೇಲೆ ಮುಂಬೈ ಕಡಲಿನ ತೈಲ ರಿಗ್.

ನಮ್ಮ ಕೊಡಗಿಗೆ ರೈಲು ಬಂದಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೂ ಸೇನೆ, ರಿಗ್, ಅಣೆಕಟ್ಟು, ಹೈಟೆನ್ಷನ್ ಲೈನ್ ಅಂತ ಹೆಲಿಕಾಪ್ಟರ್ ಹತ್ತುವ ಕೆಲಸಕ್ಕೆ ಹೋಗುವವರು ಊರೂರಲ್ಲಿ ಸಿಗುತ್ತಾರೆ. ಅವತ್ತು ಆ ಹುಡುಗನಿಗೆ ಒಂದೂವರೆ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಒತ್ತಿ ಹೇಳುವುದು ಒಂದೇ ಮಾತು. ಹಾರಿಸುವುದು ಪೈಲಟ್ ಕೆಲಸ, ಸರಿ. ಆದರೆ ನೆಲದ ಮೇಲೆ ಹತ್ತುವಾಗ, ಇಳಿಯುವಾಗ, ಪಕ್ಕದಲ್ಲಿ ನಿಂತಿರುವಾಗ ನಿಮ್ಮ ಜೀವ ನಿಮ್ಮ ಕೈಯಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಅವಸರ ಮಾಡಬಾರದು.

ಮನೆಯಿಂದ ಹೊರಡುವಾಗ

ನಿಮ್ಮ ತೂಕ ಕೇಳುತ್ತಾರೆ. ನಿಜ ಹೇಳಿ. ಬೂಟು, ಜಾಕೆಟ್, ಬ್ಯಾಗ್ ಎಲ್ಲ ಸೇರಿಸಿ ಹೇಳಿ. ನಾಚಿಕೆಗೋ, ಎರಡು ಕೆಜಿ ಸಾಮಾನು ಜಾಸ್ತಿ ಒಯ್ಯುವ ಆಸೆಗೋ ಕಡಿಮೆ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಐದು ಜನ ಕೂರುವ ಸಣ್ಣ ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರು 10 ಕೆಜಿ ಮುಚ್ಚಿಟ್ಟರೆ 50 ಕೆಜಿ ಆಯಿತು, ಅಂದರೆ ಪೈಲಟ್ ಲೆಕ್ಕಕ್ಕೇ ಸಿಗದ ಒಂದು ಮೂಟೆ ಕಾಫಿ ಒಳಗೆ ಕೂತ ಹಾಗೆ. ಎತ್ತರದ ಜಾಗದಲ್ಲಿ ಗಾಳಿ ತೆಳು, ಬಿಸಿಲಿದ್ದರೆ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ. ಕೆಳಗಿನ ಬಯಲಲ್ಲಿ ಸಲೀಸಾಗಿ ಎದ್ದ ಹೆಲಿಕಾಪ್ಟರ್ ಅದೇ ಭಾರ ಹೊತ್ತು ಬೆಟ್ಟದ ಮೇಲಿನ ಕ್ಯಾಂಪಿನಿಂದ ಏಳದೇ ಇರಬಹುದು. ತಕ್ಕಡಿ ಇಟ್ಟಿದ್ದರೆ ಬ್ಯಾಗ್ ಹೊತ್ತುಕೊಂಡೇ ಹತ್ತಿ ನಿಂತುಬಿಡಿ. ಹಾಗೇ, ಕೂರಿಸಿದ ಸೀಟು ಬಿಟ್ಟು ಕಿಟಕಿ ಬೇಕು ಅಂತ ಬದಲಾಯಿಸಬೇಡಿ. ಯಾರು ಎಲ್ಲಿ ಕೂರಬೇಕು ಅನ್ನೋದೂ ತೂಕದ ಲೆಕ್ಕವೇ.

ಬಟ್ಟೆ ಹಾಕುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ದಾರಿ ಮಧ್ಯೆ ಇಳಿದುಬಿಟ್ಟರೆ, ಅಲ್ಲೇ ಒಂದು ರಾತ್ರಿ ಕಳೆಯೋಕೆ ಆಗುತ್ತಾ? ಅದಕ್ಕೆ ತಕ್ಕ ಹಾಗೆ ಹಾಕಿ. ಚಪ್ಪಲಿ ಬೇಡವೇ ಬೇಡ, ಕಾಲಿಗೆ ಗಟ್ಟಿ ಬೂಟು ಇರಲಿ. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಒಳಗಿನ ಬಟ್ಟೆಯಾದರೂ ಹತ್ತಿಯದ್ದೋ ಉಣ್ಣೆಯದ್ದೋ ಆಗಿರಲಿ. ಸೀಟಿ, ಸಣ್ಣ ಟಾರ್ಚು, ದಿನಾ ನುಂಗುವ ಮಾತ್ರೆ, ಇವು ಜೇಬಲ್ಲಿರಲಿ. ಬ್ಯಾಗಲ್ಲಿಟ್ಟರೆ ಅಪಘಾತವಾದಾಗ ಬ್ಯಾಗ್ ಒಳಗೇ ಉಳಿದುಬಿಡುತ್ತದೆ.

ಬ್ಯಾಗಿನ ವಿಷಯಕ್ಕೆ ಬಂದೆ. ನಮ್ಮ ಮನೆಗಳಲ್ಲಿ ಹೊರಡುವ ಮಗನ ಬ್ಯಾಗಿಗೆ ಉಪ್ಪಿನಕಾಯಿ, ಜೇನು, ಹಂದಿ ಮಾಂಸದ ಮಸಾಲೆ, ಒಂದು ಬಾಟಲಿ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ) ತುಂಬದೇ ಕಳಿಸುವುದಿಲ್ಲ. ನನ್ನ ಅಮ್ಮನೂ ಕಟ್ಟಿಕೊಟ್ಟಿದ್ದರು. ಮೇಲೆ ಹೋದ ಹಾಗೆ ಹೊರಗಿನ ಗಾಳಿ ಒತ್ತಡ ಕಡಿಮೆಯಾಗಿ, ಬಾಟಲಿಯೊಳಗಿನ ಗಾಳಿ ಹಿಗ್ಗಿ, ಮುಚ್ಚಳದ ಸಂದಿಯಿಂದ ಕಾಚಂಪುಳಿ ಇಳಿದಿದೆ. ಕಪ್ಪು ನೀರು ನೆಲದ ಮೇಲೆ ಹರಿದು ಮುಂದಿನ ಸೀಟಿನ ಬುಡಕ್ಕೆ ಬಂತು. ಹುಳಿ ವಾಸನೆ ಬೇರೆ. ಪೈಲಟ್ ತಿರುಗಿ ನೋಡಿದ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಬ್ಯಾಟರಿ ಆಸಿಡ್ಡಾ, ಎಂಜಿನ್ ಎಣ್ಣೆಯಾ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೆಡ್‌ಸೆಟ್‌ನಲ್ಲಿ ಹೇಳುವ ತನಕ ಅವರು ಅಲ್ಲೇ ಹತ್ತಿರ ಎಲ್ಲಾದರೂ ಇಳಿಸೋಣವಾ ಅಂತ ಜಾಗ ಹುಡುಕುತ್ತಿದ್ದರು. ಅದಕ್ಕೇ ಹೇಳುವುದು, ದ್ರವ ಒಯ್ಯುವುದಾದರೆ ಬಾಟಲಿ ಪೂರ್ತಿ ಬಿಗಿ ಮಾಡಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಏನಿದೆ ಅಂತ ಮೊದಲೇ ಹೇಳಿ.

ಹೇಳದೇ ಒಯ್ಯಬಾರದ್ದು ಇನ್ನೂ ಇವೆ: ಅಡುಗೆ ಗ್ಯಾಸ್ ಕ್ಯಾನ್, ಪೆಟ್ರೋಲ್, ಮರ ಕೊಯ್ಯುವ ಮಿಷನ್ನಿನಲ್ಲಿ ಉಳಿದ ಎಣ್ಣೆ, ಲೈಟರ್, ಬಣ್ಣದ ಡಬ್ಬಿ, ಪಟಾಕಿ, ಡ್ರೋನ್ ಬ್ಯಾಟರಿ, ಪವರ್ ಬ್ಯಾಂಕ್. ಕೆಲವನ್ನು ಒಯ್ಯಬಹುದು, ಕೆಲವನ್ನು ಬಿಲ್ಕುಲ್ ಒಯ್ಯುವ ಹಾಗಿಲ್ಲ. ನಿರ್ಧಾರ ಅವರದ್ದು, ಹೇಳುವ ಜವಾಬ್ದಾರಿ ನಿಮ್ಮದು.

ಬ್ರೀಫಿಂಗ್: ಐದೇ ನಿಮಿಷ, ಗಮನ ಇಟ್ಟು ಕೇಳಿ

ಹತ್ತುವ ಮುಂಚೆ ಪೈಲಟ್ಟೋ ಸಿಬ್ಬಂದಿಯೋ ವಿವರ ಹೇಳುತ್ತಾರೆ. ಹೇಳದಿದ್ದರೆ ಕೇಳಿ. ಇದರಲ್ಲಿ ಸಂಕೋಚ ಬೇಡ. "ಸರ್, ಮೊದಲ ಸಲ, ಸ್ವಲ್ಪ ತೋರಿಸಿ" ಅಂದರೆ ಸಿಟ್ಟಾಗುವ ಪೈಲಟ್ ನನಗೆ ಇದುವರೆಗೂ ಸಿಕ್ಕಿಲ್ಲ. ನೂರು ಸಲ ಹತ್ತಿದವರೂ ಕೇಳಬೇಕು, ಯಾಕೆಂದರೆ ಒಂದೊಂದು ಹೆಲಿಕಾಪ್ಟರ್‌ನ ಬಾಗಿಲೂ ಬೆಲ್ಟೂ ಒಂದೊಂದು ಥರ.

ಬಾಗಿಲ ಹಿಡಿಕೆ ಯಾವ ಕಡೆ ತಿರುಗುತ್ತದೆ, ತುರ್ತಿನಲ್ಲಿ ಕಿಟಕಿಯನ್ನು ಹೇಗೆ ತಳ್ಳಬೇಕು, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ತುರ್ತು ರೇಡಿಯೋ ಎಲ್ಲಿವೆ, ಇಷ್ಟನ್ನೂ ಕಣ್ಣಲ್ಲಿ ನೋಡಿಕೊಳ್ಳಿ. ಬೆಲ್ಟನ್ನು ಮಾತ್ರ ಕೈಯಿಂದಲೇ ಕಲಿಯಬೇಕು. ಸಾಮಾನ್ಯವಾಗಿ ಎರಡು ಪಟ್ಟಿ ಭುಜದ ಮೇಲಿಂದ, ಎರಡು ಸೊಂಟದ ಪಕ್ಕದಿಂದ ಬಂದು ಹೊಟ್ಟೆಯ ಮುಂದೆ ಒಂದು ದುಂಡು ಬಿಲ್ಲೆಯಲ್ಲಿ ಸೇರುತ್ತವೆ. ಬಿಲ್ಲೆ ತಿರುಗಿಸಿದರೆ ನಾಲ್ಕೂ ಒಟ್ಟಿಗೆ ಬಿಟ್ಟುಕೊಳ್ಳುತ್ತವೆ. ಕಾರಿನ ಬೆಲ್ಟಿನ ಅಭ್ಯಾಸ ಇರುವವರ ಕೈ ಗಾಬರಿಯಲ್ಲಿ ಸೊಂಟದ ಪಕ್ಕಕ್ಕೆ ಹೋಗಿ ಗುಂಡಿ ಹುಡುಕುತ್ತದೆ, ಅಲ್ಲಿ ಗುಂಡಿ ಇರುವುದೇ ಇಲ್ಲ. ಅದಕ್ಕೇ ನಾನು ಕೂತ ಕೂಡಲೇ ಕಣ್ಣು ಮುಚ್ಚಿಕೊಂಡು ಮೂರು ಸಲ ಹಾಕಿ ಬಿಚ್ಚಿ ನೋಡುತ್ತಿದ್ದೆ. ಎಂಜಿನ್ ಶುರುವಾಗುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

ಹತ್ತುವಾಗ

ಇಲ್ಲಿ ನಿಧಾನವಾಗಿ ಓದಿ. ಆದಷ್ಟೂ ರೆಕ್ಕೆ ಪೂರ್ತಿ ನಿಂತಾಗಲೇ ಹತ್ತುವುದು ಒಳ್ಳೆಯದು. ಆದರೆ ಬೆಟ್ಟದ ಕ್ಯಾಂಪುಗಳಲ್ಲಿ ಎಂಜಿನ್ ನಿಲ್ಲಿಸದೇ, ರೆಕ್ಕೆ ತಿರುಗುತ್ತಿರುವಾಗಲೇ ಹತ್ತಿಸಿ ಇಳಿಸುವುದು ಮಾಮೂಲು.

ಬಾಲದ ಕಡೆ ಯಾವತ್ತೂ ಹೋಗಬೇಡಿ. ಬಾಲದ ತುದಿಯ ಸಣ್ಣ ರೆಕ್ಕೆ ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗುತ್ತದೆ. ಆ ವೇಗಕ್ಕೆ ಅದು ಕಣ್ಣಿಗೆ ಕಾಣುವುದೇ ಇಲ್ಲ, ಅಲ್ಲಿ ಬರೀ ಗಾಳಿ ಇದೆ ಅನ್ನಿಸುತ್ತದೆ. ಮೇಲಿನ ದೊಡ್ಡ ರೆಕ್ಕೆಯ ಸದ್ದಿನಲ್ಲಿ ಅದರ ಸದ್ದೂ ಮುಳುಗಿಹೋಗಿರುತ್ತದೆ. 2023ರ ಏಪ್ರಿಲ್‌ನಲ್ಲಿ ಕೇದಾರನಾಥದ ಹೆಲಿಪ್ಯಾಡ್‌ನಲ್ಲಿ ಸರ್ಕಾರಿ ಅಧಿಕಾರಿಯೊಬ್ಬರು ಬಾಲದ ರೆಕ್ಕೆಗೆ ಸಿಕ್ಕಿ ಅಲ್ಲೇ ತೀರಿಕೊಂಡರು. ಹೆಲಿಕಾಪ್ಟರ್ ವ್ಯವಸ್ಥೆ ನೋಡಿಕೊಳ್ಳುವ ಇಲಾಖೆಯವರೇ ಅವರು. ಗೊತ್ತಿದ್ದವರಿಗೇ ಹೀಗಾದರೆ ಮೊದಲ ಸಲ ಬಂದವರ ಗತಿ ಏನು? ಸೆಲ್ಫಿ, ವಿಡಿಯೋ ಎಲ್ಲ ದೂರದಿಂದ ಮಾತ್ರ.

ಹಾಗಾದರೆ ಎಲ್ಲಿಂದ ಹೋಗಬೇಕು? ಮುಂದಿನಿಂದ, ಪೈಲಟ್ ಕಣ್ಣಿಗೆ ಬೀಳುವ ಹಾಗೆ. ಹೆಲಿಕಾಪ್ಟರ್ ಮೂತಿಯನ್ನು ಗಡಿಯಾರದ 12 ಅಂದುಕೊಂಡರೆ 10ರಿಂದ 2ರ ಒಳಗೆ. ಮೊದಲು ದೂರ ನಿಲ್ಲಿ, ಪೈಲಟ್ ಮುಖ ನೋಡಿ, ಅವರು ಹೆಬ್ಬೆರಳು ಎತ್ತಿದ ಮೇಲೆ ಹೊರಡಿ. ಕಣ್ಣಿಗೆ ಕಣ್ಣು ಸೇರಿದ್ದು ಸಾಲದು, ಕೈ ಸನ್ನೆ ಆಗಬೇಕು. ಸ್ವಲ್ಪ ಬಗ್ಗಿ ನಡೆಯಿರಿ, ಓಡಬೇಡಿ. ಬಗ್ಗುವುದು ಯಾಕೆ ಅಂದರೆ, ರೆಕ್ಕೆಯ ವೇಗ ಕಡಿಮೆಯಾದಾಗ ಅದರ ತುದಿ ಜೋತುಬೀಳುತ್ತದೆ. ಆ ಹೊತ್ತಿಗೆ ಒಂದು ಗಾಳಿ ಬೀಸಿದರೆ ತಲೆ ಮಟ್ಟಕ್ಕೂ ಇಳಿಯಬಹುದು. ಪೂರ್ತಿ ವೇಗದಲ್ಲಿ ತಿರುಗುವಾಗಿನದಕ್ಕಿಂತ ನಿಲ್ಲುವುದಕ್ಕೆ ಬಂದಾಗಲೇ ಅಪಾಯ ಜಾಸ್ತಿ. "ಇನ್ನೇನು ನಿಲ್ತಲ್ಲ" ಅಂತ ಹೊರಡಬೇಡಿ. ಎಂಐ-17 ಥರದ ದೊಡ್ಡ ಹೆಲಿಕಾಪ್ಟರ್‌ಗಳಲ್ಲಿ ಹಿಂದಿನಿಂದಲೂ ಹತ್ತಿಸುವುದುಂಟು. ಅಲ್ಲಿ ಸಿಬ್ಬಂದಿ ಕರೆದುಕೊಂಡು ಹೋದ ದಾರಿಯಲ್ಲೇ, ಅವರ ಬೆನ್ನ ಹಿಂದೆಯೇ ಹೋಗಿ.

ಇಳಿಜಾರಿನ ವಿಷಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ನಿಮ್ಮ ಕಾಫಿ ತೋಟದ ಒಂದು ಬರೆ, ಅಂದರೆ ಕಡಿದಾದ ಇಳಿಜಾರು, ನೆನೆಸಿಕೊಳ್ಳಿ. ಅದರ ಮಧ್ಯೆ ಒಂದು ಸಮತಟ್ಟು ಪಟ್ಟಿಯಲ್ಲಿ ಹೆಲಿಕಾಪ್ಟರ್ ಇಳಿದಿದೆ. ರೆಕ್ಕೆ ನೆಟ್ಟಗೆ ತಿರುಗುತ್ತಿದೆ, ಆದರೆ ನೆಲ ಒಂದು ಕಡೆ ಏರಿದೆ, ಇನ್ನೊಂದು ಕಡೆ ಇಳಿದಿದೆ. ಕೆಳಗಿನ ಕಡೆ ನಿಂತರೆ ರೆಕ್ಕೆ ನಿಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ. ಮೇಲಿನ ಕಡೆಯಿಂದ ನಾಲ್ಕು ಹೆಜ್ಜೆ ಇಳಿದು ಬಂದರೆ ಅದೇ ರೆಕ್ಕೆ ಎದೆಯ ಮಟ್ಟಕ್ಕೆ ಬಂದಿರುತ್ತದೆ. ಹಾಗಾಗಿ ಬರುವಾಗ ಇಳಿಜಾರಿನ ಕೆಳಗಿನಿಂದ ಬನ್ನಿ, ಬಿಟ್ಟು ಹೋಗುವಾಗಲೂ ಕೆಳಗಿನ ಕಡೆಗೇ ಹೋಗಿ. ಹೋಗಬೇಕಾದ ಜಾಗ ಮೇಲಿದ್ದರೂ ಅಷ್ಟೇ. ಹೆಲಿಕಾಪ್ಟರ್ ಎದ್ದು ಹೋಗುವ ತನಕ ಕೆಳಗೆ ಕಾದು, ಆಮೇಲೆ ಹತ್ತಿ. ಬಾಗಿಲು ಇನ್ನೊಂದು ಕಡೆ ಇದ್ದರೆ ಪೈಲಟ್ ಸನ್ನೆ ನೋಡಿಕೊಂಡು ಮೂತಿಯ ಮುಂದಿನಿಂದ ಸುತ್ತು ಹಾಕಿ.

ಟೋಪಿ ತೆಗೆದು ಕೈಯಲ್ಲಿ ಹಿಡಿಯಿರಿ, ಹೆಲ್ಮೆಟ್ ಆದರೆ ಗಲ್ಲದ ಪಟ್ಟಿ ಬಿಗಿಯಿರಿ. ಶಾಲು, ಮಫ್ಲರ್, ಕುತ್ತಿಗೆಯ ಗುರುತು ಚೀಟಿ ಎಲ್ಲ ಒಳಗೆ ತುರುಕಿ. ಕೊಡೆ! ನಮ್ಮ ಕಡೆಯವರ ಕೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ ಇದ್ದೇ ಇರುತ್ತದಲ್ಲ, ಅದನ್ನು ಮಡಚಿ ಬ್ಯಾಗಿನೊಳಗೆ ಹಾಕಿ ಆಮೇಲೆ ಹೆಲಿಪ್ಯಾಡ್ ಕಡೆ ಬನ್ನಿ. ಏನಾದರೂ ಹಾರಿಹೋದರೆ, ಅದು ಹೋಗಲಿ ಬಿಡಿ. ಹಾರಿದ ಟೋಪಿ ಹಿಡಿಯುವುದಕ್ಕೆ ತಲೆ ಎತ್ತಿ ಓಡುವುದು ನೇರ ರೆಕ್ಕೆಗೆ ಹೋದ ಹಾಗೆ.

ಉದ್ದದ ಸಾಮಾನನ್ನು, ಅಂದರೆ ಸರ್ವೆ ಕೋಲು, ಟ್ರೈಪಾಡ್, ಏಣಿ, ಗುದ್ದಲಿಯನ್ನು ಯಾವತ್ತೂ ಹೆಗಲ ಮೇಲೆ ಇಡಬೇಡಿ. ನೆಲಕ್ಕೆ ಅಡ್ಡಲಾಗಿ, ಸೊಂಟದ ಕೆಳಗೆ ಹಿಡಿಯಿರಿ. ಉದ್ದ ಜಾಸ್ತಿ ಇದ್ದರೆ ಎರಡು ತುದಿಗೆ ಇಬ್ಬರು. ತೋಟದಲ್ಲಿ ಮೆಣಸಿನ ಏಣಿ ಹೊತ್ತು ಅಭ್ಯಾಸ ಇರುವವರು ಇದನ್ನು ಬೇಕೆಂದೇ ನೆನಪಿಟ್ಟುಕೊಳ್ಳಬೇಕು, ಹೆಗಲು ತಾನಾಗಿ ಕೇಳುತ್ತದೆ. ಧೂಳು ಕಣ್ಣಿಗೆ ಹೊಡೆದು ಏನೂ ಕಾಣದೇ ಹೋದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡಿ. ಒಂದು ಹೆಜ್ಜೆಯೂ ಬೇಡ, ಯಾರಾದರೂ ಬಂದು ಕೈ ಹಿಡಿಯುತ್ತಾರೆ. ಕನ್ನಡಕ ಮತ್ತು ಕಿವಿಗೆ ಇಯರ್‌ಪ್ಲಗ್ ಮೊದಲೇ ಹಾಕಿಕೊಂಡಿದ್ದರೆ ಈ ಫಜೀತಿ ಕಡಿಮೆ.

ಒಳಗೆ

ಸೀಟಿನ ಕೆಳಗೆ ಬ್ಯಾಗ್ ತುರುಕಬೇಡಿ. ತುಂಬಾ ಹೆಲಿಕಾಪ್ಟರ್‌ಗಳಲ್ಲಿ ಜೋರಾಗಿ ನೆಲಕ್ಕೆ ಬಡಿದಾಗ ಸೀಟು ಕೆಳಕ್ಕೆ ಕುಸಿದು ಪೆಟ್ಟನ್ನು ತಾನೇ ನುಂಗುವ ಹಾಗೆ ಮಾಡಿರುತ್ತಾರೆ. ಕೆಳಗೆ ಬ್ಯಾಗ್ ಇದ್ದರೆ ಆ ಪೆಟ್ಟು ನಿಮ್ಮ ಬೆನ್ನುಮೂಳೆಗೆ. ಬೆಲ್ಟಿನ ತುದಿ ಬಾಗಿಲಾಚೆ ನೇತಾಡದ ಹಾಗೆ ನೋಡಿ. ಬಾಗಿಲನ್ನು ಸಿಬ್ಬಂದಿಯೇ ಹಾಕಲಿ. ಏಳುವಾಗ, ಇಳಿಯುವಾಗ ಹೆಡ್‌ಸೆಟ್‌ನಲ್ಲಿ ಹರಟೆ ಬೇಡ. ಆದರೆ ತಂತಿ, ದೊಡ್ಡ ಹಕ್ಕಿ, ಇನ್ನೊಂದು ಹೆಲಿಕಾಪ್ಟರ್ ಕಂಡರೆ ಆಗಲೂ ಕೂಗಿ ಹೇಳಿ. "ಅವರಿಗೆ ಕಂಡಿರುತ್ತೆ ಬಿಡು" ಅಂತ ಸುಮ್ನೆ ಕೂರಬೇಡಿ. ಕಣಿವೆಯಲ್ಲಿ ಅಡ್ಡ ಹೋದ ತಂತಿ ಕಾಣೋಕೆ ಎಷ್ಟು ಕಣ್ಣಿದ್ದರೂ ಸಾಲದು.

ಏನಾದರೂ ಆದರೆ

ಪೈಲಟ್ ಎಚ್ಚರಿಕೆ ಕೊಟ್ಟರೆ ಬೆನ್ನನ್ನು ಸೀಟಿಗೆ ಒತ್ತಿ, ಗಲ್ಲವನ್ನು ಎದೆಗೆ ತಾಗಿಸಿ, ಪಾದ ನೆಲಕ್ಕೆ ಊರಿ, ಕೈ ತೊಡೆಯ ಮೇಲೆ. ಭುಜದ ಪಟ್ಟಿ ಹಿಡಿದು ಎಳೆಯಬೇಡಿ, ಸಡಿಲವಾಗುತ್ತದೆ. ಸೊಂಟದ ಬೆಲ್ಟ್ ಮಾತ್ರ ಇದ್ದರೆ ಮುಂದಕ್ಕೆ ಬಾಗಿ ಎದೆಯನ್ನು ತೊಡೆಗೆ ಒತ್ತಿ. ನೆಲಕ್ಕೆ ಬಿದ್ದ ಮೇಲೆ ಬೆಂಕಿ ಇಲ್ಲದಿದ್ದರೆ ರೆಕ್ಕೆ ಪೂರ್ತಿ ನಿಲ್ಲುವ ತನಕ ಬೆಲ್ಟ್ ಬಿಚ್ಚಬೇಡಿ. ಹೊರಗೆ ಬಂದು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಹೋಗಿ, ತಲೆ ಎಣಿಸಿ.

ಆಮೇಲೆ ಕಾಡಿನಲ್ಲಿ ದಾರಿ ಹುಡುಕಿಕೊಂಡು ಹೊರಡುವ ಆಸೆ ಬರುತ್ತದೆ. ಕಾಡಲ್ಲಿ ಓಡಾಡಿ ಬೆಳೆದವರಿಗೆ ಇನ್ನೂ ಜಾಸ್ತಿ. ಬೇಡ. ಹುಡುಕುವವರಿಗೆ ಮನುಷ್ಯರಿಗಿಂತ ಮುರಿದ ಹೆಲಿಕಾಪ್ಟರ್ ಬೇಗ ಕಾಣುತ್ತದೆ. ಅದರಲ್ಲಿರುವ ತುರ್ತು ಪೆಟ್ಟಿಗೆ ಬಡಿತಕ್ಕೆ ತಾನಾಗಿ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಆ ಸಂಕೇತಗಳನ್ನು ನೋಡಿಕೊಳ್ಳುವ ನಮ್ಮ ದೇಶದ ಕೇಂದ್ರ ಇಸ್ರೋದವರದ್ದು, ಬೆಂಗಳೂರಿನಲ್ಲೇ ಇದೆ. ಬೆಂಕಿ ಭಯ ಕಳೆದ ಮೇಲೆ ಅದರ ಹತ್ತಿರವೇ ಇರಿ.

ರಿಗ್‌ಗೆ ಹೋಗುವವರಿಗೆ ಬೇರೆಯೇ ಪಾಠ. ಹೆಲಿಕಾಪ್ಟರ್‌ನ ಎಂಜಿನ್, ಗೇರ್‌ಬಾಕ್ಸ್, ಎಲ್ಲ ಭಾರವೂ ತಲೆಯ ಮೇಲೆ. ಹಾಗಾಗಿ ನೀರಿಗಿಳಿದರೆ ತಲೆಕೆಳಗಾಗುವ ಸಂಭವ ಜಾಸ್ತಿ. 2022ರ ಜೂನ್ 28ರಂದು ಮುಂಬೈ ಕಡಲಿನ ರಿಗ್ ಒಂದರ ಹತ್ತಿರ 9 ಜನರಿದ್ದ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು, 4 ಜನ ಉಳಿಯಲಿಲ್ಲ. ಇದಕ್ಕಾಗಿಯೇ ಈಜುಕೊಳದಲ್ಲಿ ಹೆಲಿಕಾಪ್ಟರ್ ಥರದ ಡಬ್ಬಿಯಲ್ಲಿ ಕೂರಿಸಿ, ಮುಳುಗಿಸಿ, ತಲೆಕೆಳಗು ಮಾಡಿ ತರಬೇತಿ ಕೊಡುತ್ತಾರೆ. ಸರ್ಟಿಫಿಕೇಟಿಗೆ ಅಂತ ಹೋಗಬೇಡಿ, ಕಲಿಯುವುದಕ್ಕೆ ಅಂತ ಹೋಗಿ. ನಾನು ಮೊದಲ ಸುತ್ತಿನಲ್ಲಿ ಡಬ್ಬಿ ತಿರುಗಿದ ಕೂಡಲೇ ಬೆಲ್ಟ್ ಬಿಚ್ಚಿಬಿಟ್ಟೆ. ಮೇಲೆ ಯಾವುದು, ಕೆಳಗೆ ಯಾವುದು ಒಂದೂ ತಿಳಿಯಲಿಲ್ಲ, ಮೂಗಿಗೆ ನೀರು ನುಗ್ಗಿ ತರಬೇತುದಾರರೇ ಎಳೆದು ತಂದರು. ಎರಡನೇ ಸುತ್ತಿನಲ್ಲಿ ಹೇಳಿದ ಹಾಗೆ ಮಾಡಿದೆ: ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಅಲುಗಾಟ ನಿಲ್ಲುವ ತನಕ ಕಾದು, ಕಿಟಕಿ ತಳ್ಳಿ, ಕೊನೆಗೆ ಇನ್ನೊಂದು ಕೈಯಿಂದ ಬೆಲ್ಟ್ ಬಿಚ್ಚಿ, ಹಿಡಿದ ಚೌಕಟ್ಟಿನ ಕಡೆಗೇ ಮೈ ಎಳೆದುಕೊಳ್ಳುವುದು. ಕೈ ಎಲ್ಲಿದೆಯೋ ಬಾಗಿಲು ಅಲ್ಲೇ ಇದೆ. ಲೈಫ್ ಜಾಕೆಟ್‌ಗೆ ಗಾಳಿ ತುಂಬಿಸುವುದು ಹೊರಗೆ ಬಂದ ಮೇಲೆ ಮಾತ್ರ. ಒಳಗೇ ಉಬ್ಬಿಸಿದರೆ ಅದು ನಿಮ್ಮನ್ನು ಮೇಲಕ್ಕೆ ಒತ್ತಿ ಅಲ್ಲೇ ಸಿಕ್ಕಿಸುತ್ತದೆ.

ಹವೆ ಸರಿ ಇಲ್ಲ ಅಂದರೆ

ಪೈಲಟ್ "ಇವತ್ತು ಬೇಡ" ಅಂದರೆ ಅಲ್ಲಿಗೆ ಮುಗಿಯಿತು. ಮದುವೆ, ಹುತ್ತರಿ ಹಬ್ಬ, ರಜೆ, ಮ್ಯಾನೇಜರ್ ಒತ್ತಾಯ ಯಾವುದನ್ನೂ ಅವರ ಮುಂದೆ ಇಡಬೇಡಿ. 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿತ್ತಲ್ಲ, ಕಣಿವೆಯಲ್ಲಿ ಹವೆ ಇದ್ದಕ್ಕಿದ್ದಂತೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿತು ಅಂತ ವಾಯುಪಡೆಯ ತನಿಖೆ ಹೇಳಿತು. ನೀಲಗಿರಿ ನಮಗೆ ದೂರದ ಊರಲ್ಲ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿದವರಿಗೆ ಗೊತ್ತು, ಎದುರಿಗಿದ್ದ ಬೆಟ್ಟ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮಂಜಿನೊಳಗೆ ಮಾಯವಾಗುತ್ತದೆ. ನಿಮಗೇ ಭಯ ಅನ್ನಿಸಿದರೂ ಇಳಿದುಬಿಡಿ, "ನಾನು ನಾಳೆ ಬರ್ತೀನಿ" ಅನ್ನಿ. ಕೆಲಸ ಹೋಗುವುದಿಲ್ಲ.

ಇಳಿಯುವಾಗ

ತಲುಪಿದ ಕೂಡಲೇ ಬೆಲ್ಟ್ ಬಿಚ್ಚಿ ಜಿಗಿಯುವುದು ಎಲ್ಲರ ಚಾಳಿ. ಸನ್ನೆ ಬರುವ ತನಕ ಕೂತಿರಿ. ಇಳಿದು, ಬೆಲ್ಟನ್ನು ಸೀಟಿನ ಮೇಲೆ ಮತ್ತೆ ಕಟ್ಟಿ, ಸಾಮಾನು ತೆಗೆದು, ಪೈಲಟ್‌ಗೆ ಕಾಣುವ ಕಡೆ ಎಲ್ಲರೂ ಗುಂಪಾಗಿ ಕುಕ್ಕರುಗಾಲಲ್ಲಿ ಕೂತು, ಬ್ಯಾಗುಗಳ ಮೇಲೆ ಕೈ ಇಟ್ಟುಕೊಳ್ಳಿ. ಹೆಲಿಕಾಪ್ಟರ್ ಎದ್ದು ಹೋದ ಮೇಲೆ ಏಳಿ.

ಊರಿಗೆ ಹೊರಡುವ ದಿನ ಇನ್ನೂ ಹುಷಾರು. ನನಗೆ ಹತ್ತಿರದಿಂದ ತಪ್ಪಿದ್ದು ಅಂಥ ದಿನವೇ. 28 ದಿನ ಕ್ಯಾಂಪಿನಲ್ಲಿದ್ದು, ಹುತ್ತರಿಗೆ ಮನೆ ಸೇರಬೇಕು ಅನ್ನುವ ಒಂದೇ ಧ್ಯಾನದಲ್ಲಿ, ಡೇರೆಯಿಂದ ಹತ್ತಿರದ ದಾರಿ ಅಂತ ದಿಬ್ಬದ ಮೇಲಿನಿಂದ ಇಳಿಯತೊಡಗಿದ್ದೆ. ಹಿಂದಿನಿಂದ ಅಡುಗೆಯವನು ನನ್ನ ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆ ಎಳೆದ, ಇಬ್ಬರೂ ಕೆಸರಿನಲ್ಲಿ ಕೂತೆವು. ತಲೆ ಎತ್ತಿ ನೋಡಿದರೆ ರೆಕ್ಕೆ ನನ್ನ ಕಣ್ಣಿನ ಮಟ್ಟದಲ್ಲೇ ತಿರುಗುತ್ತಿತ್ತು. ಆ ಹುಲ್ಲಿನ ಇಳಿಜಾರು ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ನಮ್ಮೂರಿಗೇ ಬಂದರೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ರಸ್ತೆಗಳೇ ಇರಲಿಲ್ಲ, ಮೋಡ ಮಳೆಯಿಂದ ಹೆಲಿಕಾಪ್ಟರ್ ಬರುವುದೂ ಕಷ್ಟವಾಯಿತು. ಇನ್ನೊಮ್ಮೆ ಅಂಥ ದಿನ ಬರದಿರಲಿ. ಬಂದರೆ, ಇಳಿಯುವ ಜಾಗ ತಯಾರು ಮಾಡಲು ಊರವರಿಗೆ ತಿಳಿದಿರಬೇಕು. ಗದ್ದೆ ಬಯಲು, ಶಾಲೆ ಮೈದಾನ, ಕಾಫಿ ಕಣ, ಯಾವುದಾದರೂ ಸರಿ. ಸುತ್ತ ಸಿಲ್ವರ್ ಓಕ್ ಮತ್ತು ಕರೆಂಟ್ ತಂತಿ ಇಲ್ಲದ ಕಡೆ ಆರಿಸಿ. ಟಾರ್ಪಾಲು, ತಗಡಿನ ಶೀಟು, ಖಾಲಿ ಗೋಣಿ, ಪ್ಲಾಸ್ಟಿಕ್ ಕೊಡ ಎಲ್ಲ ತೆಗೆದು ಭಾರ ಹೇರಿ. ಕಣದ ಮೇಲಿನ ಒಂದು ಟಾರ್ಪಾಲು ಮೇಲೆದ್ದು ರೆಕ್ಕೆಗೆ ಸುತ್ತಿದರೆ ಕಾಪಾಡಲು ಬಂದವರೇ ಬೀಳುತ್ತಾರೆ. ಜನ, ದನ, ನಾಯಿ ಕಡಿಮೆ ಅಂದರೂ 50 ಮೀಟರ್ ದೂರ ಇರಲಿ. ಗಾಳಿ ಯಾವ ಕಡೆಯಿಂದ ಅಂತ ಕಾಣಲು ದೂರದಲ್ಲಿ ಒಂದು ಬಟ್ಟೆ ಕಟ್ಟಿ, ಕೋಲಿಗೆ ಬಿಗಿಯಾಗಿ.

ಇಳಿಯದೇ ಮೇಲಿನಿಂದ ಹಗ್ಗ ಬಿಟ್ಟರೆ, ಅದು ಮೊದಲು ನೆಲಕ್ಕೆ ತಾಗಲಿ. ಹಾರುವ ಹೆಲಿಕಾಪ್ಟರ್ ಮೈಯಲ್ಲಿ ವಿದ್ಯುತ್ ಸೇರಿಕೊಂಡಿರುತ್ತದೆ, ಮೊದಲು ಮುಟ್ಟಿದವರಿಗೆ ಹೊಡೆಯುತ್ತದೆ. ಹಗ್ಗವನ್ನು ಮರಕ್ಕೋ ಕಂಬಕ್ಕೋ ಕಟ್ಟಲೇಬಾರದು. ಹಗ್ಗದ ತುದಿಯ ಪಟ್ಟಿಯನ್ನು ಕಂಕುಳ ಕೆಳಗೆ ಹಾಕಿದ ಮೇಲೆ ಎರಡೂ ಕೈ ಕೆಳಗೇ ಇರಬೇಕು, ಕೈ ಎತ್ತಿದರೆ ಪಟ್ಟಿಯಿಂದ ಜಾರಿಬಿಡುತ್ತಾರೆ. ಬಾಗಿಲ ಹತ್ತಿರ ಹೋದಾಗ ಅದನ್ನು ಹಿಡಿಯಲು ಹೋಗಬಾರದು, ಒಳಗಿರುವವರೇ ತಿರುಗಿಸಿ ಎಳೆದುಕೊಳ್ಳುತ್ತಾರೆ. ಆ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ಅಜ್ಜಿ, ತಾತ, ಮಕ್ಕಳಿಗೆ ಹೆಲಿಕಾಪ್ಟರ್ ಸದ್ದು ದೂರದಲ್ಲಿ ಕೇಳುವಾಗಲೇ, ಅವರವರ ಮನೆಮಾತಿನಲ್ಲಿ ಹೇಳಿ, ಕೈ ಕೆಳಗಿಟ್ಟು ತೋರಿಸಿ, ಒಮ್ಮೆ ಅವರಿಂದ ಮಾಡಿಸಿ ನೋಡಿ. ಅಜ್ಜಿ ಕೈಯ ಗಂಟನ್ನು ನೀವು ಇಸಿದುಕೊಳ್ಳಿ, ಮುಂದಿನ ಸುತ್ತಿನಲ್ಲಿ ತರುತ್ತೇನೆ ಅಂತ ಹೇಳಿ.